ಹದಿನೈದನೇ ದಿನಕ್ಕೆ ನಿಲ್ಲಿಸಿದ ಮಾತ್ರೆ

ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳು ಯಾರಿಗೂ ಕಾಯುವುದಿಲ್ಲ. ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಬೇಕು. ಮನೆಯಲ್ಲಿ ಮದುವೆ ಇರಲಿ, ಸಾವಿರಲಿ, ಹುಳಕ್ಕೆ ಸೊಪ್ಪು ತಪ್ಪುವಂತಿಲ್ಲ. ಹುಳು ಸಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಎರಡು ವರ್ಷದ ಹಿಂದೆ ಅಂಥದ್ದೇ ಒಂದು ರಾತ್ರಿ ನಮ್ಮ ಹುಳು ಮನೆಯಲ್ಲಿ ಅತ್ತಿಗೆ ಒಬ್ಬರೇ ಸೊಪ್ಪು ಹಾಕುತ್ತಿದ್ದರು. ಅಣ್ಣ ಹೊರಗೆ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. 15 ವರ್ಷದಿಂದ ಹುಳು ಸಾಕಿದವನು ಅವನು. ಹುಳು ಸೊಪ್ಪು ಮೇಯುವ ಸದ್ದು ಕೇಳಿಯೇ ಬೆಳೆ ಹೇಗಿದೆ ಎಂದು ಹೇಳುತ್ತಿದ್ದ. ಅವತ್ತು ಆ ಸದ್ದು ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ.

"ಯಾಕಣ್ಣ, ಮೈ ಹುಷಾರಿಲ್ವಾ?" ಅಂದೆ.

"ಏನಿಲ್ಲ ಕಣಮ್ಮ. ಕೈಕಾಲು ಎತ್ತಕ್ಕಾಗ್ತಿಲ್ಲ. ಏನೂ ಬೇಡ ಅನ್ಸುತ್ತೆ, ಅಷ್ಟೆ" ಅಂದ.

ಒಳಗಿನಿಂದ ಅಮ್ಮ, "ಮೈಗಳ್ಳತನ ಕಣೆ. ಎದ್ದು ನಾಲ್ಕು ತಟ್ಟೆಗೆ ಸೊಪ್ಪು ಹಾಕಿದ್ರೆ ಎಲ್ಲಾ ಸರಿಹೋಗುತ್ತೆ" ಅಂದಳು. ಆ ಮಾತನ್ನು ಇವತ್ತಿಗೂ ನೆನೆಸಿಕೊಂಡು ಅಮ್ಮ ಕಣ್ಣೀರು ಹಾಕುತ್ತಾಳೆ. ಅವಳದ್ದು ತಪ್ಪಲ್ಲ. ನಮ್ಮ ಮನೆಯಲ್ಲಿ ಆ ಕಾಯಿಲೆಗೆ ಯಾರಿಗೂ ಹೆಸರು ಗೊತ್ತಿರಲಿಲ್ಲ.

ಅಣ್ಣನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ, ನನ್ನ ಹೆಸರು ಊರ ಹೆಸರು ಎರಡೂ ಬೇಡ" ಅಂದ. "ನಾನು ಮಾಡಿದ ತಪ್ಪನ್ನೂ ಬರೀತೀನಿ" ಅಂದಾಗ ನಕ್ಕ. ಅವನು ನಗುವುದನ್ನು ನಾವು ಎಂಟು ತಿಂಗಳು ನೋಡಿರಲಿಲ್ಲ.

ಮೈಗೆ ಬಂದಂತೆ ಕಾಣುವ ಕಾಯಿಲೆ

ನಮ್ಮ ಹಳ್ಳಿಗಳಲ್ಲಿ "ನನಗೆ ಮನಸ್ಸು ಸರಿಯಿಲ್ಲ" ಎಂದು ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ. ಸುಸ್ತು ಅನ್ನುತ್ತೇವೆ. ತಲೆನೋವು, ಎದೆ ಭಾರ, ಹೊಟ್ಟೆ ಉಬ್ಬರ, ನಿದ್ದೆ ಇಲ್ಲ, ಊಟ ಸೇರಲ್ಲ ಅನ್ನುತ್ತೇವೆ. ಹೆಂಗಸರಾದರೆ ಸೊಂಟ ನೋವು, ಮೈಕೈ ನೋವು, ತಲೆ ಸುತ್ತು ಅನ್ನುತ್ತಾರೆ. ಸುಳ್ಳು ಹೇಳುತ್ತಿರುವುದಿಲ್ಲ. ಖಿನ್ನತೆ ಬಂದಾಗ ಮೈಯೂ ನಿಜವಾಗಿ ನೋಯುತ್ತದೆ, ಹಸಿವು ನಿದ್ದೆ ಎರಡೂ ಕೆಡುತ್ತವೆ.

ಹಾಗಾಗಿ ಅಣ್ಣನಿಗೆ ಮೊದಲು ಸಿಕ್ಕಿದ್ದು ಗ್ಯಾಸ್ಟ್ರಿಕ್ ಮಾತ್ರೆ. ಆಮೇಲೆ ಎರಡು ಸಲ ಗ್ಲೂಕೋಸ್ ಬಾಟಲಿ. ಎದೆ ಭಾರ ಅಂದಿದ್ದಕ್ಕೆ ಇಸಿಜಿ, ತಲೆ ಭಾರ ಅಂದಿದ್ದಕ್ಕೆ ಸ್ಕ್ಯಾನ್. ಎಲ್ಲದರಲ್ಲೂ "ನಾರ್ಮಲ್" ಎಂದೇ ಬಂತು. ನಾರ್ಮಲ್ ಎಂದು ಬಂದಷ್ಟೂ ಮನೆಯವರಿಗೆ ಅವನು ನಾಟಕ ಆಡುತ್ತಿದ್ದಾನೆ ಅನ್ನುವ ಗುಮಾನಿ ಹೆಚ್ಚಾಯಿತು. ನಡುವೆ ಒಂದು ತಾಯತ, ಒಂದು ಹರಕೆ, ಒಂದು ದೃಷ್ಟಿ ತೆಗೆಸುವ ಶಾಸ್ತ್ರವೂ ಆಯಿತು. ನಾಲ್ಕು ತಿಂಗಳಲ್ಲಿ 22,000 ರೂಪಾಯಿ ಖರ್ಚಾಗಿತ್ತು. ಆ ಸಲದ ಗೂಡಿನ ದುಡ್ಡೆಲ್ಲ ಅದಕ್ಕೇ ಹೋಯಿತು.

ಕೊನೆಗೆ ಗುಟ್ಟು ಹಿಡಿದವರು ನಮ್ಮೂರಿನ ಆಶಾ ಕಾರ್ಯಕರ್ತೆ. ಅವರು ಬಂದಿದ್ದು ಅತ್ತಿಗೆಯ ಮಗುವಿಗೆ ಚುಚ್ಚುಮದ್ದಿನ ದಿನ ಹೇಳಲು. ಜಗಲಿಯ ಮೇಲೆ ಕೂತಿದ್ದ ಅಣ್ಣನನ್ನು ಎರಡೇ ಪ್ರಶ್ನೆ ಕೇಳಿದರು. "ಎರಡು ವಾರದಿಂದ ಮನಸ್ಸಿಗೆ ಬೇಜಾರು, ದಿಕ್ಕೇ ಇಲ್ಲ ಅನ್ನೋ ಹಾಗೆ ಆಗ್ತಿದೆಯಾ? ಮೊದಲು ಖುಷಿ ಕೊಡ್ತಿದ್ದ ಕೆಲಸ ಈಗ ಮಾಡಕ್ಕೇ ಮನಸ್ಸು ಬರ್ತಿಲ್ವಾ?"

ಅಣ್ಣ ಎರಡಕ್ಕೂ ತಲೆ ಅಲ್ಲಾಡಿಸಿದ. ಆಮೇಲೆ ಅಳಲು ಶುರು ಮಾಡಿದ. ಎಷ್ಟೋ ತಿಂಗಳಲ್ಲಿ ಅವನನ್ನು ಯಾರಾದರೂ ಮನಸ್ಸಿನ ಬಗ್ಗೆ ಕೇಳಿದ್ದು ಅದೇ ಮೊದಲು.

ಬೇಜಾರು ಬೇರೆ, ಖಿನ್ನತೆ ಬೇರೆ

ಬೆಳೆ ಹೋದರೆ, ಹತ್ತಿರದವರು ತೀರಿಕೊಂಡರೆ, ಮಗ ಫೇಲಾದರೆ ಬೇಜಾರಾಗುವುದು ಸಹಜ. ಆ ಬೇಜಾರಿನ ನಡುವೆಯೂ ಮೊಮ್ಮಗು ಬಂದು ತೊಡೆ ಮೇಲೆ ಕೂತರೆ ಒಂದು ಗಳಿಗೆ ಮನಸ್ಸು ಹಗುರಾಗುತ್ತದೆ. ದಿನ ಕಳೆದಂತೆ ನೋವು ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತದೆ. ಅದಕ್ಕೆ ಮಾತ್ರೆ ಬೇಡ, ಜೊತೆಗೆ ಜನ ಬೇಕು.

ಖಿನ್ನತೆಯ ನಡೆ ಬೇರೆ. ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಈ ಎರಡರಲ್ಲಿ ಒಂದಾದರೂ ಕನಿಷ್ಠ ಎರಡು ವಾರ, ದಿನದ ಹೆಚ್ಚು ಹೊತ್ತು, ಹೆಚ್ಚುಕಮ್ಮಿ ಪ್ರತಿದಿನ ಇರುತ್ತದೆ. ಅದರ ಜೊತೆಗೆ ನಿದ್ದೆ ಕೆಡುವುದು ಅಥವಾ ಅತಿಯಾಗುವುದು, ಊಟ ಕಡಿಮೆಯಾಗುವುದು ಅಥವಾ ಹೆಚ್ಚಾಗುವುದು, ಸದಾ ಸುಸ್ತು, ಒಂದು ಕಡೆ ಮನಸ್ಸು ನಿಲ್ಲದಿರುವುದು, ಮಾತು ನಡಿಗೆ ನಿಧಾನವಾಗುವುದು ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ, "ನಾನು ಯಾತಕ್ಕೂ ಪ್ರಯೋಜನವಿಲ್ಲ, ಎಲ್ಲ ನನ್ನಿಂದಲೇ ಆಗಿದ್ದು" ಅನ್ನುವ ಯೋಚನೆ, ಸತ್ತರೆ ಸಾಕು ಅನ್ನುವ ಯೋಚನೆ. ಇವುಗಳಲ್ಲಿ ಹಲವು ಸೇರಿಕೊಂಡು ದಿನದ ಕೆಲಸ ನಡೆಯದಂತಾದರೆ ಅದನ್ನು ವೈದ್ಯರು ಖಿನ್ನತೆ ಎಂದು ಕರೆಯುತ್ತಾರೆ.

ಕಾರಣ ಒಂದೇ ಅಲ್ಲ. ಕೆಲವರಿಗೆ ವಂಶದಲ್ಲಿ ಬಂದಿರುತ್ತದೆ. ಕೆಲವರಿಗೆ ಸಾಲ, ಜಗಳ, ಹೊಡೆತ, ಒಂಟಿತನದಿಂದ ಶುರುವಾಗುತ್ತದೆ. ಹೆರಿಗೆಯಾದ ಮೇಲೆ ಕೆಲವು ತಾಯಂದಿರಿಗೆ ಬರುತ್ತದೆ. "ಬಾಣಂತಿ ಸನ್ನಿ" ಎಂದು ತಳ್ಳಿಬಿಡಬೇಡಿ, ಅದಕ್ಕೂ ಚಿಕಿತ್ಸೆ ಇದೆ. ಥೈರಾಯ್ಡ್ ಕಡಿಮೆಯಾದರೂ, ರಕ್ತ ಕಡಿಮೆಯಾದರೂ ಹೀಗೇ ಕಾಣಬಹುದು. ಹೆಚ್ಚು ಕುಡಿಯುವವರಿಗೆ ಕುಡಿತವೇ ಖಿನ್ನತೆ ತರುತ್ತದೆ, ಖಿನ್ನತೆ ಮತ್ತೆ ಕುಡಿಸುತ್ತದೆ. ಏನೂ ಕಾರಣವಿಲ್ಲದೆ, ಎಲ್ಲ ಚೆನ್ನಾಗಿರುವಾಗಲೂ ಬರುವುದುಂಟು. "ನಿನಗೇನು ಕಮ್ಮಿ?" ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ಸಕ್ಕರೆ ಕಾಯಿಲೆ ಬಂದವರನ್ನು ನಾವು ಹಾಗೆ ಕೇಳುವುದಿಲ್ಲ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ಸುಮಾರು 20 ಜನರಲ್ಲಿ ಒಬ್ಬರಿಗೆ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆ ಬಂದಿರುತ್ತದೆ ಎಂದು ಅದು ಹೇಳಿತು. 200 ವಯಸ್ಕರಿರುವ ಊರಾದರೆ ಸುಮಾರು 10 ಜನ. ಅಂಥವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದೂ ಅದೇ ಸಮೀಕ್ಷೆ ಹೇಳಿತು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ.

ಮಂಗಳವಾರದ ಡಾಕ್ಟರು

ಆಶಾ ಅಕ್ಕ ಹೇಳಿದ ಮೇಲೆಯೇ ನನಗೂ ಗೊತ್ತಾಗಿದ್ದು. ನಮ್ಮ ರಾಜ್ಯದಲ್ಲಿ 2014ರಿಂದ "ಮನೋಚೈತನ್ಯ" ಎಂಬ ಕಾರ್ಯಕ್ರಮ ಇದೆ. ಗೊತ್ತುಪಡಿಸಿದ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಅವರನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೋ ಕೇಳಿಕೊಂಡು ಹೋಗಬೇಕು.

ನಾನೂ ಅಣ್ಣನೂ ಬಸ್ಸು ಹತ್ತಿದೆವು. ನನಗೆ ಟಿಕೆಟ್ ಇಲ್ಲ, ಅಣ್ಣನಿಗೆ ಇತ್ತು. "ನನ್ನಿಂದ ಬರೀ ಖರ್ಚು" ಅಂದ. ಆ ಮಾತೂ ಕಾಯಿಲೆಯದ್ದೇ ಎಂದು ಆಮೇಲೆ ತಿಳಿಯಿತು.

ಡಾಕ್ಟರು ಹೆಂಗಸು. ಸುಮಾರು 20 ನಿಮಿಷ ಮಾತಾಡಿಸಿದರು. ನಿದ್ದೆ, ಊಟ, ಸಾಲ, ಕುಡಿತ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ, ಎಲ್ಲ ಕೇಳಿದರು. ಇನ್ನೊಂದು ಪ್ರಶ್ನೆ ನನಗೆ ವಿಚಿತ್ರ ಅನ್ನಿಸಿತು. "ಹಿಂದೆ ಯಾವಾಗಲಾದರೂ ಇದರ ಉಲ್ಟಾ ಆಗಿತ್ತಾ? ನಿದ್ದೆಯೇ ಬೇಡ ಅನ್ನೋವಷ್ಟು ಹುರುಪು, ಮಿತಿ ಮೀರಿದ ಮಾತು, ಕೈಗೆ ಸಿಕ್ಕ ದುಡ್ಡೆಲ್ಲ ಖರ್ಚು ಮಾಡೋದು, ನಾನೇ ದೊಡ್ಡವನು ಅನ್ನೋದು?"

ಆ ಪ್ರಶ್ನೆಗೆ ಕಾರಣವಿದೆ. ಮನಸ್ಸು ಒಂದು ಸಲ ಪಾತಾಳಕ್ಕೆ ಇಳಿದು, ಇನ್ನೊಂದು ಸಲ ಆಕಾಶಕ್ಕೆ ಏರುವ ಕಾಯಿಲೆಗೆ ಬೈಪೋಲಾರ್ ಎನ್ನುತ್ತಾರೆ. ಅದಕ್ಕೆ ಕೊಡುವ ಔಷಧಿ ಬೇರೆ, ಲಿಥಿಯಂನಂಥವು. ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಮನಸ್ಸು ಹಠಾತ್ತಾಗಿ ಮೇಲಕ್ಕೆ ಹಾರಬಹುದು. ಹಾಗಾಗಿ ಪಕ್ಕದ ಮನೆಯವರಿಗೆ ಕೊಟ್ಟ ಮಾತ್ರೆಯನ್ನು ನೀವು ತೆಗೆದುಕೊಳ್ಳಬೇಡಿ. ಜೊತೆಗೆ ಹೋದವರು ಹಳೆಯದನ್ನೆಲ್ಲ ಮುಚ್ಚಿಡದೆ ಹೇಳಿ.

ಅಣ್ಣನಿಗೆ ಹಾಗೇನೂ ಆಗಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರು, ಥೈರಾಯ್ಡ್ ಸರಿಯಾಗಿತ್ತು. ದಿನಕ್ಕೊಂದು ಮಾತ್ರೆ ಬರೆದರು. ಆಸ್ಪತ್ರೆಯಲ್ಲೇ ಪುಕ್ಕಟೆ ಕೊಟ್ಟರು. ದಿನಾ ಬೆಳಿಗ್ಗೆ ಎದ್ದು ತೋಟದ ತನಕ ನಡೆದು ಬರಬೇಕು, ಕೆಲಸ ಮಾಡದಿದ್ದರೂ ಪರವಾಗಿಲ್ಲ ಅಂದರು. "ತಿಂಗಳು ಬಿಟ್ಟು ಬನ್ನಿ. ಮಧ್ಯೆ ನಿಲ್ಲಿಸಬೇಡಿ" ಅಂದರು.

ನನ್ನ ತಪ್ಪು

ಮೊದಲ ವಾರ ಅಣ್ಣನಿಗೆ ಹೊಟ್ಟೆ ತೊಳಸಿತು, ತಲೆನೋವು ಬಂತು. ಎರಡನೇ ವಾರವೂ ಅವನು ಜಗಲಿಯ ಮೇಲೇ ಕೂತಿದ್ದ. ಊರಿಗೆ ಸುದ್ದಿ ಹಬ್ಬಿತ್ತು. "ಅದು ಹುಚ್ಚಿನ ಮಾತ್ರೆ, ಒಂದು ಸಲ ಶುರು ಮಾಡಿದ್ರೆ ಸಾಯೋ ತನಕ ನುಂಗ್ಬೇಕು" ಎಂದು ಒಬ್ಬರು. "ಹೆಣ್ಣು ಕೊಟ್ಟವರಿಗೆ ಗೊತ್ತಾದ್ರೆ?" ಎಂದು ಇನ್ನೊಬ್ಬರು.

ಇದ್ಯಾವುದಕ್ಕೂ ನಾನು ಕಿವಿಗೊಡಲಿಲ್ಲ. ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಮೊಬೈಲಿನಲ್ಲಿ ಯಾರೋ ಒಬ್ಬರ ವಿಡಿಯೋ ನೋಡಿದೆ. ಖಿನ್ನತೆಗೆ ಮಾತ್ರೆಯೇ ಬೇಡ, ಬೆಳಗಿನ ಬಿಸಿಲು, ಒಂದು ಕಷಾಯ, ಒಳ್ಳೆ ಯೋಚನೆ ಸಾಕು ಅಂದಿದ್ದರು. ಪತ್ರಿಕೋದ್ಯಮ ಓದಿದವಳು ನಾನು. ಯಾರು ಹೇಳುತ್ತಿದ್ದಾರೆ, ಅವರಿಗೇನು ಗೊತ್ತು ಎಂದು ಕೇಳುವುದನ್ನೇ ಮೂರು ವರ್ಷ ಕಲಿತವಳು. ಹದಿನೈದನೇ ದಿನ ನಾನೇ ಅಣ್ಣನಿಗೆ ಹೇಳಿದೆ: "ಕೆಲಸ ಮಾಡದ ಮಾತ್ರೆ ಯಾಕೆ ತಗೋತೀಯ, ನಿಲ್ಲಿಸು."

ಅಣ್ಣ ನಿಲ್ಲಿಸಿದ. ಅವನಿಗೆ ವಾದ ಮಾಡುವ ಶಕ್ತಿಯೂ ಇರಲಿಲ್ಲ.

ಮೂರು ವಾರದ ಮೇಲೆ ಒಂದು ಸಂಜೆ ಅತ್ತಿಗೆ ಫೋನ್ ಮಾಡಿದರು. "ನಾನಿಲ್ಲದಿದ್ರೆ ನಿಮಗೆಲ್ಲಾ ಹಗುರ ಆಗುತ್ತೆ ಅಂತಿದಾರೆ. ಪಾಸ್‌ಬುಕ್ಕು ಎಲ್ಲಿದೆ, ಯಾರಿಗೆ ಎಷ್ಟು ಕೊಡ್ಬೇಕು ಅಂತ ಬರೆದಿಟ್ಟಿದಾರೆ. ಭಯ ಆಗ್ತಿದೆ" ಅಂದರು.

ನಾನು 14416ಕ್ಕೆ ಕರೆ ಮಾಡಿದೆ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯಿಂದ ಮಾತಾಡಿದವರು ಗಾಬರಿಯಾಗಲಿಲ್ಲ, ನನ್ನನ್ನೂ ಗಾಬರಿ ಮಾಡಲಿಲ್ಲ. ಮೂರು ವಿಷಯ ಹೇಳಿದರು. ಇವತ್ತು ರಾತ್ರಿ ಅವರನ್ನು ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಈಗಲೇ ಬೇರೆ ಕಡೆ ಸಾಗಿಸಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ, ಕೇಳಿದರೆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಂಡರೆ ಭಾರ ಇಳಿಯುತ್ತದೆ.

ಟೊಮೆಟೊಗೆಂದು ತಂದಿಟ್ಟಿದ್ದ ಡಬ್ಬಗಳನ್ನು ಅತ್ತಿಗೆ ಆ ಕ್ಷಣವೇ ತಮ್ಮನ ಮನೆಗೆ ಕಳಿಸಿದರು. ಅಮ್ಮ ರಾತ್ರಿಯೆಲ್ಲ ಮಗನ ಪಕ್ಕದಲ್ಲೇ ಮಲಗಿದಳು. ಮಂಗಳವಾರಕ್ಕೆ ಕಾಯದೆ ಬೆಳಿಗ್ಗೆ ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋದೆವು.

ಡಬ್ಬ ದೂರವಿಡುವುದು ಸಣ್ಣ ಕೆಲಸ ಅನ್ನಿಸಬಹುದು. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ಬಹಳ ಕಡಿಮೆಯಾದವು. ಸಾಯಬೇಕು ಅನ್ನುವ ಆ ಗಳಿಗೆ ಎಷ್ಟೋ ಸಲ ಬಂದು ಹೋಗುವಂಥದ್ದು. ಆ ಗಳಿಗೆಯಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಔಷಧಿ ಡಬ್ಬಕ್ಕೆ ಬೀಗ ಹಾಕಿ, ಕೀಲಿ ಇನ್ನೊಬ್ಬರ ಹತ್ತಿರ ಇರಲಿ.

ಹಾಗೇ ಇನ್ನೊಂದು ಭಯ: "ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತೆ." 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. ಭಯಪಟ್ಟು ಆಸ್ಪತ್ರೆಗೆ ತಡ ಮಾಡಬೇಡಿ.

ಮಾತ್ರೆಗೆ ಎಷ್ಟು ದಿನ ಕೊಡಬೇಕು?

ಜಿಲ್ಲಾಸ್ಪತ್ರೆಯ ಡಾಕ್ಟರು ನನ್ನನ್ನು ಬೈಯಲಿಲ್ಲ. "ನಿಮ್ಮ ಥರ ನಿಲ್ಲಿಸೋರೇ ಜಾಸ್ತಿ" ಅಂದರು. ಆಮೇಲೆ ಬಿಡಿಸಿ ಹೇಳಿದರು. ಅದನ್ನೇ ನಿಮಗೂ ಹೇಳುತ್ತೇನೆ.

ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಎರಡರಿಂದ ನಾಲ್ಕು ವಾರಕ್ಕೆ ಗುಣ ಕಾಣಲು ಶುರುವಾಗುತ್ತದೆ. ಚೆನ್ನಾಗಿ ಗೊತ್ತಾಗಲು ಆರೆಂಟು ವಾರ ಬೇಕು. ಆದರೆ ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆಯಂಥ ತೊಂದರೆಗಳು ಮೊದಲ ವಾರವೇ ಬರುತ್ತವೆ. ಅಂದರೆ ಮೊದಲು ಕಷ್ಟ, ಆಮೇಲೆ ಫಲ. ನಮ್ಮ ಜನ ಬಿಟ್ಟುಬಿಡುವುದು ಸರಿಯಾಗಿ ಈ ನಡುವಿನ ಹದಿನೈದು ದಿನದಲ್ಲಿ. ಈ ತೊಂದರೆಗಳು ಬಹಳಷ್ಟು ಜನರಿಗೆ ತಾನಾಗಿಯೇ ಹೋಗುತ್ತವೆ. ಹೋಗದಿದ್ದರೆ ಡಾಕ್ಟರು ಮಾತ್ರೆ ಬದಲಿಸುತ್ತಾರೆ. ಒಂದು ಒಗ್ಗದಿದ್ದರೆ ಇನ್ನೊಂದಿದೆ. 25 ವರ್ಷದೊಳಗಿನವರಿಗೆ ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಮನೆಯವರು ಹೆಚ್ಚು ಹತ್ತಿರದಿಂದ ನೋಡಿಕೊಳ್ಳಬೇಕು.

ಗುಣವಾಯಿತು ಎಂದ ಕೂಡಲೇ ನಿಲ್ಲಿಸುವಂತೆಯೂ ಇಲ್ಲ. ಚೆನ್ನಾಗಿ ಆದ ಮೇಲೂ ಆರರಿಂದ ಒಂಬತ್ತು ತಿಂಗಳು ತೆಗೆದುಕೊಳ್ಳಬೇಕು. ಮತ್ತೆ ಮತ್ತೆ ಬಂದವರಿಗೆ ಇನ್ನೂ ಹೆಚ್ಚು ಕಾಲ. ನಿಲ್ಲಿಸುವಾಗಲೂ ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕು.

ಅಭ್ಯಾಸವಾಗುತ್ತಾ? ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಫ್ಲುಯೊಕ್ಸೆಟಿನ್, ಎಸ್ಸಿಟಲೋಪ್ರಾಮ್‌ನಂಥ ಮಾತ್ರೆಗಳು ಹೆಂಡದಂತೆ ಚಟ ಹಿಡಿಸುವುದಿಲ್ಲ. ಚಟ ಹಿಡಿಸುವುದು ಅಲ್ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆಗಳು. ವಿಚಿತ್ರವೆಂದರೆ ಚಟವಾಗದ ಮಾತ್ರೆಗೆ ಹೆದರುವ ನಾವು, ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ನಿದ್ದೆ ಮಾತ್ರೆ ಕೇಳಲು ಹೆದರುವುದಿಲ್ಲ.

ಹರಕೆ ಬಿಡಿ, ದೇವಸ್ಥಾನಕ್ಕೆ ದರ್ಗಾಕ್ಕೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಮನಸ್ಸಿಗೆ ಸಮಾಧಾನ ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗಿ. ಮಾತ್ರೆ ಮಾತ್ರ ಜೇಬಿನಲ್ಲಿರಲಿ.

ಎಲ್ಲರಿಗೂ ಮಾತ್ರೆಯೇ ಬೇಕು ಎಂದೂ ಇಲ್ಲ. ಕಡಿಮೆ ಮಟ್ಟದ ಖಿನ್ನತೆಗೆ ಕ್ರಮಬದ್ಧವಾದ ಮಾತಿನ ಚಿಕಿತ್ಸೆ ಸಾಕಾಗುತ್ತದೆ. ಅದಕ್ಕೆ ದೊಡ್ಡ ಡಾಕ್ಟರೇ ಬೇಕೆಂದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆಯವರು ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಖಿನ್ನತೆ ಇದ್ದವರ ಜೊತೆ ಆರರಿಂದ ಎಂಟು ಸಲ ಕೂತು ಮಾತಾಡಿಸಿದರು. ಬಿಟ್ಟುಹೋದ ಕೆಲಸಗಳನ್ನು ಸಣ್ಣದರಿಂದ ಒಂದೊಂದಾಗಿ ಮತ್ತೆ ಶುರು ಮಾಡಿಸುವುದೇ ಅದರ ತಿರುಳು. ಬರೀ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಅವರು ಹೆಚ್ಚು ಚೇತರಿಸಿಕೊಂಡರು. ತೋಟದ ತನಕ ನಡೆದು ಬನ್ನಿ ಎಂದು ಅಣ್ಣನಿಗೆ ಹೇಳಿದ್ದರ ಹಿಂದೆ ಇದ್ದದ್ದೂ ಇದೇ ಲೆಕ್ಕ.

ಸಾಲ ತೀರಿದರೆ ಸರಿಹೋಗುತ್ತಾ?

ಅಣ್ಣನಿಗೆ ಸಾಲ ಇತ್ತು, ಇವತ್ತಿಗೂ ಇದೆ. ಕೊರೆಸಿದ ಎರಡನೇ ಬೋರಿನಲ್ಲಿ ಬರೀ ಧೂಳು ಬಂದ ವರ್ಷವೇ ಅವನು ಕುಗ್ಗಿದ್ದು. ಹಾಗಾದರೆ ಮಾತ್ರೆ ಸಾಲ ತೀರಿಸುತ್ತದಾ ಎಂದು ಕೇಳುವವರಿದ್ದಾರೆ. ಇಲ್ಲ. ಗೂಡಿಗೆ ಬೆಲೆ ಸಿಗದಿದ್ದಾಗ, ಮಳೆ ಕೈಕೊಟ್ಟಾಗ ಅದನ್ನು ಮನಸ್ಸಿನ ಕಾಯಿಲೆ ಎಂದು ಕರೆದು ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಬೆಲೆಯ ಜಗಳ ಬೆಲೆಯ ಜಗಳವೇ.

ಆದರೆ ಜಗಳ ಆಡಲು ಮನುಷ್ಯ ಎದ್ದು ನಿಲ್ಲಬೇಕಲ್ಲ. ಖಿನ್ನತೆ ಇದ್ದಾಗ ಅಣ್ಣನಿಗೆ ಎರಡು ಲಕ್ಷದ ಸಾಲ ಬೆಟ್ಟವಾಗಿ ಕಾಣುತ್ತಿತ್ತು. ಗುಣವಾದ ಮೇಲೆ ಅದೇ ಸಾಲವನ್ನು ಮೂರು ವರ್ಷಕ್ಕೆ ಹಂಚಿ ಲೆಕ್ಕ ಬರೆದು, ಸೊಸೈಟಿಗೆ ಹೋಗಿ ಮಾತಾಡಿ ಬಂದ. ಸಾಲ ಅಷ್ಟೇ ಇತ್ತು, ಅವನು ಬದಲಾಗಿದ್ದ.

ಬಳ್ಳಾರಿಯಲ್ಲಿ ಆಗಿದ್ದು ನಮ್ಮೂರಲ್ಲಿ ಯಾಕಾಗಲ್ಲ?

ಇಷ್ಟು ಹೊತ್ತು ಮನೆಯವರ ತಪ್ಪು ಹೇಳಿದೆ. ಈಗ ಸರ್ಕಾರದ್ದು.

ಅಣ್ಣ ಪ್ರತಿ ತಿಂಗಳು ಮಾತ್ರೆಗಾಗಿ ತಾಲ್ಲೂಕಿಗೆ ಹೋಗಬೇಕಿತ್ತು. ಒಂದು ದಿನದ ಕೆಲಸ ಹೋಗುತ್ತದೆ. ಹುಳು ಇದ್ದ ದಿನವಾದರೆ ಆಳು ಹಿಡಿಯಬೇಕು. ಒಂದು ತಿಂಗಳು ಹೋದಾಗ ಮಾತ್ರೆ ಮುಗಿದಿತ್ತು, ಹೊರಗೆ ಬರೆದುಕೊಟ್ಟರು. ಇನ್ನೊಂದು ಮಂಗಳವಾರ ಡಾಕ್ಟರಿಗೆ ಬೇರೆ ಕಡೆ ಡ್ಯೂಟಿ, ಸುಮ್ಮನೆ ವಾಪಸ್ ಬಂದೆವು. ಜೊತೆಗೆ ಹೋಗಲು ನಾನಿದ್ದೆ, ಆದ್ದರಿಂದ ಚಿಕಿತ್ಸೆ ನಿಲ್ಲಲಿಲ್ಲ. ಕಾಯಿಲೆಯಿಂದ ಹಾಸಿಗೆ ಬಿಟ್ಟು ಏಳಲಾಗದ ಒಂಟಿ ಹೆಂಗಸು, ವಯಸ್ಸಾದವರು ಒಂಬತ್ತು ತಿಂಗಳು ಹೀಗೆ ಓಡಾಡುತ್ತಾರಾ? ಅವರು ಹದಿನೈದನೇ ದಿನಕ್ಕೆ ನಿಲ್ಲಿಸಿದರೆ ಅದು ಅವರ ತಪ್ಪಾ?

ಇದಕ್ಕೆ ದಾರಿಯನ್ನು ಹೊರಗಿನಿಂದ ತರಬೇಕಾಗಿಲ್ಲ. ನಿಮ್ಹಾನ್ಸ್‌ನವರು 1970ರ ದಶಕದಲ್ಲೇ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಹಳ್ಳಿಯವರಿಗೆ ಹಳ್ಳಿಯಲ್ಲೇ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗ ಮಾಡಿದರು. 1985ರಲ್ಲಿ ಅದನ್ನು ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾತ್ರೆಗಳು ಅಲ್ಲೇ ಸಿಗುವಂತೆ ಮಾಡಿದರು. "ಬಳ್ಳಾರಿ ಮಾದರಿ" ಎಂದು ಅದು ದೇಶಕ್ಕೆಲ್ಲ ಹೆಸರಾಯಿತು. ಅದನ್ನೇ ನೋಡಿ ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ದೇಶಕ್ಕೆ ದಾರಿ ತೋರಿಸಿದ ರಾಜ್ಯ ನಮ್ಮದು.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಕಾಯಿಲೆ ಏನೆಂದು ಗುರುತಿಸಿ ಮಾತ್ರೆ ಗೊತ್ತುಮಾಡುವ ಕೆಲಸವನ್ನು ಮನೋವೈದ್ಯರು ಮಂಗಳವಾರವೇ ಮಾಡಲಿ. ಆದರೆ ತಿಂಗಳು ತಿಂಗಳ ಮಾತ್ರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಲಿ, ಬಿಪಿ ಸಕ್ಕರೆ ಮಾತ್ರೆ ಸಿಗುವ ಹಾಗೆ. ಯಾರು ಮಾತ್ರೆ ತೆಗೆದುಕೊಂಡಿಲ್ಲ ಎಂದು ವಿಚಾರಿಸುವ ಕೆಲಸಕ್ಕೆ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡಲಿ, ಆ ಕೆಲಸಕ್ಕೆ ದುಡ್ಡೂ ಕೊಡಲಿ. ಈಗಿರುವ ಹೊರೆಯ ಮೇಲೆ ಇನ್ನೊಂದು ಪುಕ್ಕಟೆ ಹೊರೆ ಹಾಕುವುದು ಬೇಡ. ಡಾಕ್ಟರು ಬರುವ ಮಂಗಳವಾರಗಳ ಪಟ್ಟಿಯನ್ನು ಪಂಚಾಯ್ತಿ ಬೋರ್ಡಿಗೆ ಅಂಟಿಸಲಿ. ಇದಕ್ಕೆ ಹೊಸ ಕಟ್ಟಡ ಬೇಡ.

ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿ ದೀಪದ ಜೊತೆ ಇದನ್ನೂ ಒಬ್ಬರು ಎದ್ದು ನಿಂತು ಕೇಳಿ. ನಮ್ಮ ಪಂಚಾಯ್ತಿಯಲ್ಲಿ ಕಳೆದ ಸಲ ನಾನು ಕೇಳಿದೆ. ಕೆಲವರು ಮುಸಿಮುಸಿ ನಕ್ಕರು. ಸಭೆ ಮುಗಿದ ಮೇಲೆ ಮೂರು ಜನ ಒಬ್ಬೊಬ್ಬರಾಗಿ ಬಂದು, ತಗ್ಗಿದ ದನಿಯಲ್ಲಿ, "ಯಾವ ಮಂಗಳವಾರ ಅಂದ್ರಿ?" ಎಂದು ಕೇಳಿಕೊಂಡು ಹೋದರು. ಅವರಲ್ಲಿ ಒಬ್ಬರು ನಕ್ಕವರೇ.

ಐದನೇ ವಾರ

ಎರಡನೇ ಸಲ ಮಾತ್ರೆ ಶುರು ಮಾಡಿದಾಗ ಅತ್ತಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಒಂದು ಗೆರೆ ಹಾಕುತ್ತಿದ್ದರು. ಹದಿನೈದನೇ ಗೆರೆ ದಾಟಿತು. ಏನೂ ಆಗಲಿಲ್ಲ. ಇಪ್ಪತ್ತು ದಾಟಿತು. ರಾತ್ರಿ ನಿದ್ದೆ ಸ್ವಲ್ಪ ಬರುತ್ತಿದೆ ಅಂದ.

ಐದನೇ ವಾರ ಒಂದು ಬೆಳಿಗ್ಗೆ ತೋಟದಿಂದ ನಡೆದು ಬಂದವನು ಹುಳು ಮನೆಯ ಬಾಗಿಲಲ್ಲಿ ನಿಂತು, "ಯಾರು ಸೊಪ್ಪು ಕೊಯ್ದಿದ್ದು? ಒದ್ದೆ ಸೊಪ್ಪು ಹಾಕಿದ್ರೆ ಹುಳಕ್ಕೆ ಕಾಯಿಲೆ ಬರಲ್ವಾ?" ಎಂದು ರೇಗಿದ.

ಬೈಸಿಕೊಂಡ ಅತ್ತಿಗೆ ಅಡುಗೆ ಮನೆಗೆ ಓಡಿ ಬಂದು ಅಮ್ಮನನ್ನು ತಬ್ಬಿಕೊಂಡು ಅತ್ತರು.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಜಗಲಿಯ ಮೇಲೆ ಹಾಗೆ ಸುಮ್ಮನೆ ಕೂತವರು ಒಬ್ಬರಿರಬಹುದು. ಇವತ್ತು ಹತ್ತಿರ ಕೂತು ಆಶಾ ಅಕ್ಕ ಕೇಳಿದ ಎರಡು ಪ್ರಶ್ನೆ ಕೇಳಿ. ಹೌದು ಅಂದರೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ರಾತ್ರಿ ಹೊತ್ತು ಭಯವಾದರೆ 14416 ಇದೆ. ಮಾತ್ರೆ ಶುರುವಾದ ಮೇಲೆ ಕ್ಯಾಲೆಂಡರಿನಲ್ಲಿ ಗೆರೆ ಹಾಕಿ. ಹದಿನೈದನೇ ದಿನ ಯಾರಾದರೂ "ನಿಲ್ಲಿಸು" ಅಂದರೆ, ಅವರು ನನ್ನ ಹಾಗೆ ಎಷ್ಟೇ ಓದಿದವರಾಗಿರಲಿ, ಕಿವಿಗೆ ಹಾಕಿಕೊಳ್ಳಬೇಡಿ.